ಸಾಗರತಳದ ಮಣ್ಣು ಮತ್ತು ನಾಡುನಾಡುಗಳ ಲೆಕ್ಕ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಇಂತಹ ಸಭೆಗಳಲ್ಲಿ ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ನಾಲ್ಕು ಮಾತು ಹೇಳುವ ಭಾರ ಕನ್ನಡ ಪಂಡಿತರ ಪಾಲಿಗೆ ಬರುವುದು ರೂಢಿ. ಈ ಸಲ ಆ ರೂಢಿಯನ್ನು ಬಿಟ್ಟು ಸಮುದ್ರದ ತಳದಲ್ಲಿರುವ ಮಣ್ಣನ್ನು ಕುರಿತು ಮಾತನಾಡಲು ಅಪ್ಪಣೆ ಬೇಡಿದ್ದೇವೆ. ಘಟ್ಟದ ಮೇಲೆ ಕುಳಿತ ನಮಗೂ ಕಡಲಿನ ತಳಕ್ಕೂ ಏನು ಸಂಬಂಧವೆಂದು ತಾವು ಕೇಳಬಹುದು. ಶಾಸನಗಳಲ್ಲಿ ಬಯಲ್ನಾಡೆಂದು ಕರೆಯಿಸಿಕೊಂಡ ಈ ನಮ್ಮ ವಯನಾಡಿನಿಂದ ಕಡಲು ಕಣ್ಣಿಗೆ ಕಾಣದು. ಘಾಟಿ ಇಳಿದು ಕೋಳಿಕ್ಕೋಡಿಗೆ ಹೋಗಬೇಕು. ಆದರೆ ನಮ್ಮ ಮಣ್ಣು ನಮಗಿಂತ ಮೊದಲೇ ಅಲ್ಲಿಗೆ ಹೋಗಿದೆ. ಪ್ರತಿವರ್ಷವೂ ಹೋಗುತ್ತಲೇ ಇದೆ.

ನಮ್ಮ ಮಲೆಗಳ ಮೇಲೆ ಬಿದ್ದ ಮಳೆ ಎರಡು ದಾರಿ ಹಿಡಿಯುತ್ತದೆ. ಪನಮರಂ ಹೊಳೆಯೂ ಮಾನಂದವಾಡಿಯ ಹೊಳೆಯೂ ಕೂಡಿ ಕಬಿನಿಯಾಗಿ, ಹೆಗ್ಗಡದೇವನಕೋಟೆಯ ಬೀಚನಹಳ್ಳಿಯ ಅಣೆಯಲ್ಲಿ ತುಸು ತಂಗಿ, ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರಿ, ಪೂರ್ವಸಮುದ್ರಕ್ಕೆ ನಡೆಯುತ್ತದೆ. ತೆಂಕಣ ಪಡುವಣ ಇಳಿಜಾರಿನ ನೀರು ಚಾಲಿಯಾರನ್ನು ಸೇರಿ ಬೇಪೂರಿನಲ್ಲಿ ಅರಬ್ಬೀ ಸಮುದ್ರಕ್ಕೆ ಬೀಳುತ್ತದೆ. ಒಂದೇ ಗುಡ್ಡದ ಎರಡು ಮಗ್ಗುಲಿನ ಮಣ್ಣು ಹೀಗೆ ಎರಡು ಕಡಲುಗಳ ಪಾಲಾಗುತ್ತದೆ. ಅದು ದಾರಿಯಲ್ಲಿ ಎಷ್ಟು ರಾಜ್ಯಗಳ ಗಡಿ ದಾಟಿತೆಂಬುದನ್ನು ಲೆಕ್ಕವಿಡುವವರು ಮನುಷ್ಯರೇ ಹೊರತು ನೀರಲ್ಲ.

2024ನೆಯ ಇಸವಿಯ ಜುಲೈ 30ರ ನಸುಕಿನಲ್ಲಿ ಪುಂಚಿರಿಮಟ್ಟಂ, ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ನಡೆದುದನ್ನು ಈ ಸಭೆಯಲ್ಲಿ ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ಇನ್ನೂರೈವತ್ತಕ್ಕೂ ಹೆಚ್ಚು ಮಂದಿ ಅಂದು ಇಲ್ಲವಾದರು. ಅವರಲ್ಲಿ ಅನೇಕರ ದೇಹಗಳು ದೊರೆತದ್ದು ವಯನಾಡಿನಲ್ಲಲ್ಲ, ಬೆಟ್ಟದ ಕೆಳಗೆ ಮಲಪ್ಪುರಂ ಜಿಲ್ಲೆಯ ನಿಲಂಬೂರಿನ ಸಮೀಪ, ಚಾಲಿಯಾರಿನ ಒಡಲಲ್ಲಿ. ಆ ಬಂಡೆಗಳು ಹೊಳೆಯ ಪಾತ್ರದಲ್ಲಿಯೇ ಉಳಿದವು. ಅವುಗಳೊಡನೆ ಹೊರಟ ಸಣ್ಣ ಮಣ್ಣು ಮಾತ್ರ ಪ್ರವಾಹದೊಡನೆ ಕಡಲಿನ ದಿಕ್ಕಿಗೇ ನಡೆದು, ಬೇಪೂರಿನ ಅಳಿವೆಯಾಚೆ ಕಡಲಿನಡಿಯ ಕೆಸರಿನೊಡನೆ ಸೇರಿಹೋಗಲು ಹೊರಟಿತು. ಆದುದರಿಂದ ಸಾಗರತಳದ ಮಣ್ಣಿನ ವಿಚಾರವು ನಮಗೆ ಹೊರಗಿನ ವಿಚಾರವಲ್ಲ.

ಇನ್ನು ವಿಷಯಕ್ಕೆ ಬರೋಣ. ಕಡಲಿನ ತಳದಲ್ಲಿ ಎಲ್ಲಿ ಮರಳಿದೆ, ಎಲ್ಲಿ ಜೇಡಿಯಿದೆ, ಎಲ್ಲಿ ಬಂಡೆಯಿದೆ, ಎಷ್ಟು ಆಳವಿದೆ ಎಂಬುದನ್ನು ಬಲ್ಲವರು ಯಾರು? ಹಿಂದಿನ ಕಾಲದ ನಾವಿಕರು ಸೀಸದ ಗುಂಡಿಗೆ ಹಗ್ಗ ಕಟ್ಟಿ ಇಳಿಬಿಡುತ್ತಿದ್ದರು. ಗುಂಡಿನ ತಳದ ಕುಳಿಯಲ್ಲಿ ಕೊಬ್ಬನ್ನು ಮೆತ್ತಿರುತ್ತಿದ್ದರು. ಅದಕ್ಕೆ ಅಂಟಿಕೊಂಡು ಬಂದುದನ್ನು ನೋಡಿ ತಳದಲ್ಲಿ ಮರಳೋ ಕೆಸರೋ ಚಿಪ್ಪೋ ಎಂದು ನಕ್ಷೆಯಲ್ಲಿ ಬರೆಯುತ್ತಿದ್ದರು. ಹಗ್ಗವನ್ನು ಎಳೆದುಕೊಳ್ಳುವಾಗ ಎರಡು ಕೈಗಳನ್ನು ಚಾಚಿ ಅಳೆಯುತ್ತಿದ್ದರು. ಆಂಗ್ಲರು ಆ ಅಳತೆಗೆ ಫ್ಯಾದಮ್ ಎಂದರು. ನಮ್ಮ ಹಿರಿಯರು ಬಾವಿಯ ಹಗ್ಗವನ್ನು ಅಳೆಯುವಾಗ ಹೇಳುತ್ತಿದ್ದ ಮಾರು ಎಂಬುದು ಅದೇ. ಎರಡು ದೂರದೇಶಗಳ ಜನ ಒಬ್ಬರನ್ನೊಬ್ಬರು ಕಾಣದೆಯೇ ಒಂದೇ ಅಳತೆಯನ್ನು ಕಂಡುಕೊಂಡದ್ದು ಸೋಜಿಗವೇನಲ್ಲ, ಮನುಷ್ಯನ ತೋಳು ಎಲ್ಲೆಡೆಯೂ ಒಂದೇ ಉದ್ದವಷ್ಟೆ. ಆದರೆ ಆರಡಿಯೆಂದು ಗೊತ್ತುಮಾಡಿದ ಫ್ಯಾದಮ್ಮಿಗೂ, ಎತ್ತರದ ಆಳು ಕುಳ್ಳ ಆಳು ಅವರವರ ತೋಳಿನಿಂದ ಹಾಕಿದ ಮಾರಿಗೂ ಇರುವ ಅಂತರ ಸಣ್ಣದಲ್ಲ. ಇಂದಿನ ನಮ್ಮ ಮಾತೆಲ್ಲವೂ ಆ ಅಂತರವನ್ನು ಕುರಿತದ್ದೇ.

1872ರಿಂದ 1876ರವರೆಗೆ ಚಾಲೆಂಜರ್ ಎಂಬ ಆಂಗ್ಲ ಹಡಗು ಭೂಮಂಡಲದ ಸಾಗರಗಳನ್ನು ಸುತ್ತಿ ತಳದ ಮಣ್ಣನ್ನು ಸಂಗ್ರಹಿಸಿತು. ಜಾನ್ ಮರೆ, ರೆನಾರ್ಡ್ ಎಂಬ ಇಬ್ಬರು ವಿದ್ವಾಂಸರು ಆ ಮಣ್ಣನ್ನೆಲ್ಲ ಪರೀಕ್ಷಿಸಿ, ವರ್ಗವಿಭಾಗ ಮಾಡಿ, 1891ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಸಾಗರತಳದ ಮಣ್ಣಿಗೆ ಒಂದು ವ್ಯಾಕರಣ ಹುಟ್ಟಿದ್ದು ಆಗ ಎನ್ನಬಹುದು. ಬಳಿಕ ಶಬ್ದದಿಂದ ಆಳವನ್ನು ಅಳೆಯುವ ಯಂತ್ರಗಳು ಬಂದವು. ಶಬ್ದವು ಕಡಲನೀರಿನಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರು ಓಡುತ್ತದೆ. ಹಡಗಿನಿಂದ ಹೊರಟು ತಳಕ್ಕೆ ತಾಗಿ ಮರಳಿ ಬರಲು ಹಿಡಿದ ಹೊತ್ತಿನಿಂದ ಆಳ ತಿಳಿಯುತ್ತದೆ. ಈಗಿನ ಹಡಗುಗಳು ಒಂದೇ ಸಲಕ್ಕೆ ಬೀಸಣಿಗೆಯಂತೆ ನೂರಾರು ಕಿರಣಗಳನ್ನು ಬಿಟ್ಟು ಅಗಲವಾದ ಪಟ್ಟಿಯನ್ನೇ ಅಳೆಯುತ್ತವೆ. ಇಷ್ಟಾಗಿಯೂ 2025ರ ಜೂನ್ ತಿಂಗಳ ಹೊತ್ತಿಗೆ ಜಗತ್ತಿನ ಸಾಗರತಳದಲ್ಲಿ ಹೀಗೆ ನೇರವಾಗಿ ಅಳೆದು ನಕ್ಷೆಗಿಳಿಸಿದ್ದು ನೂರಕ್ಕೆ 27 ಪಾಲಿಗಿಂತ ತುಸು ಹೆಚ್ಚು ಮಾತ್ರ. 2030ನೆಯ ಇಸವಿಯೊಳಗೆ ಉಳಿದುದನ್ನೂ ಮುಗಿಸಬೇಕೆಂದು 2017ರಲ್ಲಿ ಒಂದು ಅಂತರರಾಷ್ಟ್ರೀಯ ಯೋಜನೆ ಆರಂಭವಾಗಿದೆ. ಮುಗಿದೀತೆಂದು ನಮಗೆ ತೋರುವುದಿಲ್ಲ.

ಅಳೆದದ್ದು ಕಡಿಮೆಯೆಂಬುದು ಒಂದು ಕೊರತೆ. ಅಳೆದದ್ದು ಒಂದಕ್ಕೊಂದು ಹೊಂದದೆ ಇರುವುದು ಅದಕ್ಕಿಂತ ದೊಡ್ಡ ಕೊರತೆ. ಇದನ್ನು ತುಸು ವಿಸ್ತಾರವಾಗಿ ಹೇಳಬೇಕಾಗಿದೆ.

ಮರಳು ಎಂಬ ಮಾತನ್ನೇ ತೆಗೆದುಕೊಳ್ಳಿ. ಮರಳೆಂದರೇನು ಎಂದು ಕೇಳಿದರೆ ನಮ್ಮ ಮಕ್ಕಳು ನಗುತ್ತಾರೆ. ಆದರೆ ಭೂವಿಜ್ಞಾನಿಗಳು 1922ರಲ್ಲಿ ವೆಂಟ್‌ವರ್ತ್ ಎಂಬಾತನು ಗೊತ್ತುಮಾಡಿದ ಪ್ರಕಾರ ಎರಡು ಮಿಲಿಮೀಟರಿನಿಂದ ಒಂದು ಮಿಲಿಮೀಟರಿನ ಹದಿನಾರನೆಯ ಒಂದಂಶದವರೆಗಿನ ಕಣವನ್ನು ಮರಳೆನ್ನುತ್ತಾರೆ. ಅದಕ್ಕಿಂತ ಸಣ್ಣದು ಹೂಳು. 256ನೆಯ ಒಂದಂಶಕ್ಕಿಂತಲೂ ಸಣ್ಣದು ಜೇಡಿ. ನಮ್ಮ ದೇಶದ ಇಂಜಿನಿಯರರು ಕಟ್ಟಡ ಸೇತುವೆಗಳಿಗಾಗಿ ಅನುಸರಿಸುವ ಭಾರತೀಯ ಮಾನಕದಲ್ಲಿಯಾದರೋ ಮರಳು 4.75 ಮಿಲಿಮೀಟರಿನಿಂದ ಆರಂಭವಾಗಿ 0.075 ಮಿಲಿಮೀಟರಿಗೆ ಮುಗಿಯುತ್ತದೆ. ಬೇಸಾಯದ ಮಣ್ಣನ್ನು ಪರೀಕ್ಷಿಸುವ ಶಾಸ್ತ್ರಜ್ಞರ ಒಂದು ಪದ್ಧತಿಯಲ್ಲಿ 0.02 ಮಿಲಿಮೀಟರಿನವರೆಗೂ ಮರಳೇ. ಹೀಗಾಗಿ ಮೂರು ಮಿಲಿಮೀಟರಿನ ಒಂದು ಕಾಳು ಭೂವಿಜ್ಞಾನಿಗೆ ಗರಸು, ಇಂಜಿನಿಯರಿಗೆ ಮರಳು. 0.03 ಮಿಲಿಮೀಟರಿನ ಕಣವು ಇವರಿಬ್ಬರಿಗೂ ಹೂಳು, ಮಣ್ಣುಶಾಸ್ತ್ರಜ್ಞನಿಗೆ ನಯವಾದ ಮರಳು. ಮೂವರೂ ಬುದ್ಧಿವಂತರೇ, ಮೂವರ ವರದಿಯೂ ಅವರವರ ಮಟ್ಟಿಗೆ ನಿಜವೇ. ಆದರೆ ಮೂವರ ಹಾಳೆಗಳನ್ನು ಒಟ್ಟಿಗೆ ಹೊಲಿದು ಒಂದು ನಕ್ಷೆ ಮಾಡಿದಾತನಿಗೆ ಕಡಲಿನಲ್ಲಿ ಇಲ್ಲದ ಗೆರೆಗಳು ಕಾಣತೊಡಗುತ್ತವೆ. ಒಂದು ದೇಶದ ನಕ್ಷೆ ಮುಗಿದು ಇನ್ನೊಂದು ದೇಶದ ನಕ್ಷೆ ಆರಂಭವಾಗುವ ಕಡೆ, ಕತ್ತಿಯಿಂದ ಕೊಯ್ದಂತೆ, ಮರಳು ನಿಂತು ಕೆಸರು ಆರಂಭವಾದಂತೆ ತೋರುತ್ತದೆ. ಕಡಲಿನಲ್ಲಿ ಅಂತಹ ಗೆರೆ ಇರುವುದಿಲ್ಲ, ಇರುವುದು ಕಚೇರಿಗಳಲ್ಲಿ.

ನಮ್ಮ ಹಿರಿಯರಿಗೆ ಈ ಬಗೆಯ ತೊಡಕು ಅಪರಿಚಿತವಲ್ಲ. ಮೈಸೂರು ಸೀಮೆಯಲ್ಲಿ ಸೇರು, ಕೊಳಗ, ಖಂಡುಗಗಳ ಲೆಕ್ಕ. ಇತ್ತ ಮಲಬಾರಿನಲ್ಲಿ ನಾಳಿ, ಇಡಂಗಳಿಗಳ ಲೆಕ್ಕ. ಸೇರಿನಲ್ಲಿಯೂ ಕಚ್ಚಾ ಸೇರು ಬೇರೆ, ಪಕ್ಕಾ ಸೇರು ಬೇರೆ. ಎರಡು ಬಗೆಯ ಅಳತೆ ಕೂಡುವ ಗಡಿಯ ಸಂತೆಯಲ್ಲಿ ವ್ಯಾಪಾರಿಗೆ ಮೋಸ ಮಾಡುವ ಮನಸ್ಸಿಲ್ಲದಿದ್ದರೂ ಕೊಳ್ಳುವವನಿಗೆ ಸಂಶಯ ತಪ್ಪದು. 1956ರಲ್ಲಿ ತೂಕ ಅಳತೆಗಳ ಕಾನೂನು ಬಂದು, 1958ರ ಅಕ್ಟೋಬರಿನಿಂದ ಕಿಲೋಗ್ರಾಮು ಚಲಾವಣೆಗೆ ಬಂದಿತು. ಭತ್ತವನ್ನು ಅಳೆಯುವುದರಲ್ಲಿ ನಾಡು ಒಪ್ಪಿಕೊಂಡದ್ದನ್ನು ಕಡಲಿನ ಮಣ್ಣನ್ನು ಅಳೆಯುವುದರಲ್ಲಿ ಜಗತ್ತು ಇನ್ನೂ ಒಪ್ಪಿಕೊಳ್ಳುತ್ತಿರುವುದಷ್ಟೆ.

ಆಳದ ಲೆಕ್ಕದಲ್ಲಿಯೂ ಇದೇ ಗೋಜು. ನೆಲದ ಎತ್ತರವನ್ನು ಸಮುದ್ರದ ಸರಾಸರಿ ಮಟ್ಟದಿಂದ ಅಳೆಯುತ್ತಾರೆ. ನಾವಿಕರ ನಕ್ಷೆಯಲ್ಲಿ ಆಳವನ್ನು ಬಹಳ ಇಳಿತವಾದಾಗಿನ ಮಟ್ಟದಿಂದ ಅಳೆಯುತ್ತಾರೆ, ಹಡಗಿನ ತಳ ತಾಗಬಾರದೆಂಬ ಎಚ್ಚರದಿಂದ. ಎರಡು ಸೊನ್ನೆಗಳು! ದಡದಲ್ಲಿ ಇವೆರಡೂ ಕೂಡುವ ಕಡೆ ನೆಲದ ನಕ್ಷೆ, ಕಡಲಿನ ನಕ್ಷೆ ಒಂದಕ್ಕೊಂದು ಕೂಡುವುದಿಲ್ಲ. ಸಾಲದುದಕ್ಕೆ, ಭಾರತದ ಹಳೆಯ ನಕ್ಷೆಗಳೆಲ್ಲ ಎವರೆಸ್ಟ್ ಎಂಬಾತನು 1830ರಲ್ಲಿ ಗಣಿಸಿದ ಭೂಮಿಯ ಆಕಾರವನ್ನು ಆಧಾರವಾಗಿ ಇಟ್ಟುಕೊಂಡವು. ಈಗಿನ ಉಪಗ್ರಹದ ಲೆಕ್ಕ ಬೇರೆ. ಅಕ್ಷಾಂಶ ರೇಖಾಂಶದ ಅಂಕೆಗಳನ್ನು ಒಂದರಿಂದ ತೆಗೆದು ತಿದ್ದದೆ ಇನ್ನೊಂದರಲ್ಲಿ ಇಟ್ಟರೆ ನಮ್ಮ ಕರಾವಳಿಯಲ್ಲಿ ಸ್ಥಳವು ನೂರು ಮೀಟರಿಗೂ ಹೆಚ್ಚು ಸರಿದುಹೋಗುತ್ತದೆ. ಮುಳುಗಿದ ಬಂಡೆಯೊಂದು ಅಷ್ಟು ದೂರ ಸರಿದರೆ ದೋಣಿಯವನ ಗತಿಯೇನು?

ಹಾಗಾದರೆ ಎಲ್ಲರ ಹಳೆಯ ಬರಹವನ್ನೂ ಅಳಿಸಿ ಹೊಸದಾಗಿ ಬರೆಯಬೇಕೇ? ಇಲ್ಲಿ ನಮಗೆ ನಮ್ಮ ವೃತ್ತಿಯ ಒಂದು ಕೆಲಸ ನೆನಪಾಗುತ್ತದೆ. ಪ್ರಾಚೀನ ಕಾವ್ಯವನ್ನು ಸಂಪಾದಿಸುವ ಪಂಡಿತನು ನಾಲ್ಕಾರು ಓಲೆಗರಿಯ ಪ್ರತಿಗಳನ್ನು ಎದುರಿಗಿಟ್ಟುಕೊಳ್ಳುತ್ತಾನೆ. ಪ್ರತಿಯೊಂದರಲ್ಲಿಯೂ ಪಾಠ ಬೇರೆ. ಆತನು ಒಂದು ಪಾಠವನ್ನು ಮೇಲೆ ಅಚ್ಚುಮಾಡುತ್ತಾನೆ, ಉಳಿದವನ್ನು ಬಿಸಾಡದೆ ಅಡಿಯಲ್ಲಿ ಪಾಠಾಂತರವಾಗಿ ಕೊಡುತ್ತಾನೆ, ಯಾವ ಪ್ರತಿ ಎಲ್ಲಿ ದೊರೆಯಿತು, ಎಷ್ಟು ಹಳೆಯದು, ಎಲ್ಲಿ ಹುಳು ತಿಂದಿದೆ ಎಂಬುದನ್ನು ಪೀಠಿಕೆಯಲ್ಲಿ ಹೇಳುತ್ತಾನೆ. ಹೀಗೆ ಮಾಡದವನ ಮುದ್ರಣವನ್ನು ವಿದ್ವಾಂಸರು ಮುಟ್ಟುವುದಿಲ್ಲ.

ಯೂರೋಪಿನವರು 2009ರಿಂದ ಕೈಗೊಂಡಿರುವ ಕೆಲಸ ಅಕ್ಷರಶಃ ಇದೇ. ಅಲ್ಲಿಯ ಹಲವು ದೇಶಗಳ ಭೂವೈಜ್ಞಾನಿಕ ಸಂಸ್ಥೆಗಳು ಕೂಡಿ ತಮ್ಮ ತಮ್ಮ ಕಡಲಿನ ತಳದ ಮಾಹಿತಿಯನ್ನು ಒಂದು ಭಂಡಾರಕ್ಕೆ ಹಾಕುತ್ತಿವೆ. ಮಣ್ಣಿನ ವಿಭಾಗಕ್ಕೆ 1954ರಲ್ಲಿ ಫೋಕ್ ಎಂಬ ಅಮೆರಿಕದ ವಿದ್ವಾಂಸನು ಮಾಡಿದ ಕ್ರಮವನ್ನು ಹಿಡಿದಿದ್ದಾರೆ. ಅದರಲ್ಲಿ ಗರಸು ನೂರಕ್ಕೆ ಎಷ್ಟು, ಮರಳಿಗೂ ಕೆಸರಿಗೂ ಇರುವ ಪ್ರಮಾಣವೇನು ಎಂಬ ಎರಡೇ ಪ್ರಶ್ನೆ. ವಿವರವಾಗಿ ಬಲ್ಲ ದೇಶ ಹದಿನಾರು ವರ್ಗಗಳಲ್ಲಿ ಬರೆಯಬಹುದು; ಅಷ್ಟು ತಿಳಿಯದ ದೇಶ ಏಳರಲ್ಲಿ, ಇನ್ನೂ ಕಡಿಮೆ ತಿಳಿದದ್ದು ಐದರಲ್ಲಿ. ದೊಡ್ಡದು ಚಿಕ್ಕದರೊಳಗೆ ಅಡಕವಾಗುವಂತೆ ವರ್ಗಗಳನ್ನು ಜೋಡಿಸಿದ್ದಾರೆ. ಇದಕ್ಕಿಂತಲೂ ನಮಗೆ ಮೆಚ್ಚುಗೆಯಾದ ಸಂಗತಿಯೆಂದರೆ, ಆಯಾ ದೇಶದವರು ಮೊದಲು ಇಟ್ಟಿದ್ದ ಹೆಸರನ್ನೂ ಹೊಸ ಹೆಸರಿನ ಪಕ್ಕದಲ್ಲಿಯೇ ಉಳಿಸಿಕೊಂಡಿದ್ದಾರೆ. ಅದೇ ಪಾಠಾಂತರ! ಮೊದಲು ಹತ್ತು ಲಕ್ಷಕ್ಕೆ ಒಂದರ ಪ್ರಮಾಣದಲ್ಲಿ ನಕ್ಷೆ ಮಾಡಿದರು, ಬಳಿಕ ಎರಡೂವರೆ ಲಕ್ಷಕ್ಕೆ ಒಂದರಲ್ಲಿ, ಆಮೇಲೆ ಲಕ್ಷಕ್ಕೆ ಒಂದರಲ್ಲಿ.

ಕನ್ನಡಿಗರಿಗೂ ಈ ವಿವೇಕ ಹಳೆಯದೇ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಒಂದು ತಿರುಳ್ಗನ್ನಡವನ್ನು ಮಾದರಿಯಾಗಿ ಎತ್ತಿ ಹಿಡಿಯಿತು. ಆದರೆ ದೇಶದೇಶಕ್ಕೆ ಕನ್ನಡ ಬೇರೆಬೇರೆಯಾಗಿದೆ ಎಂಬುದನ್ನು ಮುಚ್ಚಿಡಲಿಲ್ಲ.

ಹಿಂದೂ ಮಹಾಸಾಗರದಲ್ಲಿ ದೇಶಗಳು ಕೂಡಿ ದುಡಿದದ್ದು ಇಲ್ಲವೆಂದಲ್ಲ. 1959ರಿಂದ 1965ರವರೆಗೆ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಶೋಧಯಾತ್ರೆ ನಡೆಯಿತು. ಹದಿನಾಲ್ಕು ದೇಶಗಳ ನಲವತ್ತಕ್ಕೂ ಹೆಚ್ಚು ಹಡಗುಗಳು ಅದರಲ್ಲಿ ಪಾಲುಗೊಂಡವು. ನಮ್ಮ ನೌಕಾಪಡೆಯ ಕಿಸ್ತ್ನಾ ಎಂಬ ಹಡಗೂ ಅವುಗಳಲ್ಲಿ ಒಂದು. ಕೃಷ್ಣಾ ನದಿಯ ಹೆಸರನ್ನು ಆಂಗ್ಲರು ಉಚ್ಚರಿಸಿದ ಬಗೆ ಅದು. ಆ ಯಾತ್ರೆಯ ಫಲವಾಗಿ 1966ರ ಜನವರಿ 1ರಂದು ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಸ್ಥಾಪಿತವಾಗಿ, ಗೋವೆಯಲ್ಲಿ ನೆಲೆಗೊಂಡಿತು. ಅಮೆರಿಕದ ಮೇರಿ ಥಾರ್ಪ್, ಬ್ರೂಸ್ ಹೀಜ಼ೆನ್ ಎಂಬವರು ನಾನಾ ಹಡಗುಗಳ ಅಂಕೆಗಳನ್ನು ಕೂಡಿಸಿ ಹಿಂದೂ ಮಹಾಸಾಗರದ ತಳದ ನಕ್ಷೆಯನ್ನು ಬರೆದರು; 1967ರಲ್ಲಿ ಅದು ಬಣ್ಣದ ಚಿತ್ರವಾಗಿ ಜಗತ್ತಿನ ಮನೆಮನೆಗೆ ಹೋಯಿತು. ಸಭೆಯಲ್ಲಿರುವ ಹೆಣ್ಣುಮಕ್ಕಳು ಗಮನಿಸತಕ್ಕ ಮಾತೊಂದಿದೆ: ಹೆಂಗಸರಿಗೆ ಹಡಗಿನ ಮೇಲೆ ಪ್ರವೇಶವಿಲ್ಲವೆಂಬ ಕಟ್ಟಳೆಯಿಂದಾಗಿ ಮೇರಿ ಥಾರ್ಪಳು ಬಹುಕಾಲ ದಡದಲ್ಲಿ ಕುಳಿತು, ಗಂಡಸರು ತಂದ ಅಂಕೆಗಳಿಂದಲೇ ಕಡಲಿನಡಿಯ ಪರ್ವತಗಳನ್ನು ಕಂಡವಳು. ಕೂಡಿಸಿ ನೋಡುವ ಕಣ್ಣು ಅಳೆಯುವ ಕೈಯಷ್ಟೇ ಮುಖ್ಯವೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಮುಂದೆ 1975ರಲ್ಲಿ ರಷ್ಯದ ಉದಿಂತ್ಸೆವ್ ಎಂಬವರ ಸಂಪಾದಕತ್ವದಲ್ಲಿ ಇದೇ ಸಾಗರದ ಭೂವೈಜ್ಞಾನಿಕ ಭೂಪಟ ಸಂಪುಟವು ಮಾಸ್ಕೋವಿನಲ್ಲಿ ಪ್ರಕಟವಾಯಿತು. ಅಮೆರಿಕವೂ ರಷ್ಯವೂ ಅಣುಬಾಂಬುಗಳನ್ನು ಎದುರುಬದುರಾಗಿ ಹೂಡಿಕೊಂಡಿದ್ದ ಕಾಲದಲ್ಲಿ ಇಬ್ಬರ ಹಡಗುಗಳ ಅಂಕೆಗಳೂ ಒಂದೇ ಶೋಧಯಾತ್ರೆಯ ಲೆಕ್ಕಕ್ಕೆ ಸೇರಿದವೆಂಬುದನ್ನು ಸ್ಮರಿಸಬೇಕು.

ಹೆಸರುಗಳ ವಿಷಯದಲ್ಲಿಯೂ ಒಪ್ಪಂದ ಬೇಕಾಗುತ್ತದೆ. ನಮ್ಮ ಸುಲ್ತಾನ್ ಬತ್ತೇರಿಗೆ ಹಿಂದೆ ಗಣಪತಿವಟ್ಟಂ ಎಂಬ ಹೆಸರಿತ್ತು. ಜೈನ ಬಾಂಧವರ ಬಾಯಲ್ಲಿ ಅದು ಹನ್ನೆರಡು ಬೀದಿ. ಹೆಸರು ಮೂರು, ಊರು ಒಂದು ಎಂದು ಬಲ್ಲವರಿಗೆ ತೊಂದರೆಯಿಲ್ಲ. ಕಾಗದ ಪತ್ರ ನೋಡುವ ಹೊಸಬನಿಗೆ ಅವು ಮೂರು ಊರುಗಳು. ಕಡಲಿನಡಿಯ ಬೆಟ್ಟಗಳಿಗೂ ಹೀಗಾಗಬಾರದೆಂದು ಅವುಗಳ ಹೆಸರನ್ನು ಗೊತ್ತುಮಾಡಲು ಒಂದು ಅಂತರರಾಷ್ಟ್ರೀಯ ಸಮಿತಿಯಿದೆ. ರಾಮನ್ ಅವರ ಹೆಸರಿನಲ್ಲಿ ಒಂದು ಏಣುಬೆಟ್ಟ, ಭೂವಿಜ್ಞಾನಿ ವಾಡಿಯಾ ಅವರ ಹೆಸರಿನಲ್ಲಿ ಚಪ್ಪಟೆ ನೆತ್ತಿಯ ಒಂದು ಬೆಟ್ಟ, ಪಣಿಕ್ಕರ್ ಅವರ ಹೆಸರಿನಲ್ಲಿ ಇನ್ನೊಂದು, ಹೀಗೆ ಭಾರತೀಯ ಹೆಸರುಗಳು ಅದರ ಪಟ್ಟಿಯಲ್ಲಿವೆ. ಈಚೆಗೆ ಅಶೋಕ, ಕಲ್ಪತರು, ಚಂದ್ರಗುಪ್ತ ಎಂಬ ಹೆಸರುಗಳೂ ಸೇರಿವೆ. ಶ್ರವಣಬೆಳ್ಗೊಳದಲ್ಲಿ ಸಲ್ಲೇಖನ ಕೈಕೊಂಡನೆಂದು ನಮ್ಮ ಜೈನರು ನಂಬುವ ಚಂದ್ರಗುಪ್ತನು ಅಲ್ಲಿ ಚಿಕ್ಕಬೆಟ್ಟಕ್ಕೆ ಹೆಸರು ಕೊಟ್ಟು, ಈಗ ಕಡಲಿನಡಿಯ ಬೆಟ್ಟಕ್ಕೂ ಕೊಟ್ಟಿದ್ದಾನೆ. ಅರಬ್ಬೀ ಸಮುದ್ರದಿಂದ ತೆಂಕಣಕ್ಕೆ ಹಬ್ಬಿದ ಮಹಾಪರ್ವತಶ್ರೇಣಿಗೆ ಮಾತ್ರ ಡೆನ್ಮಾರ್ಕಿನ ಒಂದು ಬಿಯರು ಕಾರ್ಖಾನೆಯ ಹೆಸರು, ಕಾರ್ಲ್ಸ್‌ಬರ್ಗ್ ಎಂದು. ಶೋಧಯಾತ್ರೆಗೆ ಹಣ ಕೊಟ್ಟವರ ಋಣ!

ಈಗ ಪ್ರಾಣದ ಪ್ರಶ್ನೆಗೆ ಬರೋಣ. 2004ರ ಡಿಸೆಂಬರ್ 26ರಂದು ಸುಮಾತ್ರದ ಬಳಿ ಕಡಲಿನಡಿಯಲ್ಲಿ ಭೂಮಿ ನಡುಗಿ ಎದ್ದ ಸುನಾಮಿಯು ಸಿಂಹಳದ ತುದಿಯನ್ನು ಬಳಸಿಕೊಂಡು ಕೇರಳದ ಪಡುವಣ ದಂಡೆಗೂ ಬಂದು ಕೊಲ್ಲಂ ಜಿಲ್ಲೆಯ ಆಲಪ್ಪಾಡಿನಲ್ಲಿ ಬಹು ಪ್ರಾಣಹಾನಿ ಮಾಡಿತು. ಪೂರ್ವದಲ್ಲಿ ಎದ್ದ ಅಲೆ ಪಶ್ಚಿಮದ ದಂಡೆಯನ್ನು ಹೇಗೆ ಹೊಡೆಯಿತು? ಉತ್ತರವು ಕಡಲಿನ ತಳದಲ್ಲಿದೆ. ಸುನಾಮಿಯ ವೇಗವು ಆಳದ ಮೇಲೆ ನಿಂತಿದೆ. ನಾಲ್ಕು ಸಾವಿರ ಮೀಟರು ಆಳದಲ್ಲಿ ಅದು ಗಂಟೆಗೆ ಸುಮಾರು 700 ಕಿಲೋಮೀಟರು ಓಡುತ್ತದೆ. ಐವತ್ತು ಮೀಟರು ಆಳದಲ್ಲಿ ಸುಮಾರು 80. ಮುಂದಿನ ನೀರು ನಿಧಾನವಾಗುತ್ತ ಹಿಂದಿನ ನೀರು ಬಂದು ಒತ್ತುವುದರಿಂದ ಅಲೆ ಎತ್ತರಕ್ಕೆ ಏಳುತ್ತದೆ. ಆಳ ಕಡಿಮೆಯಿರುವ ಕಡೆಗೆ ಅಲೆ ಬಾಗುತ್ತದೆ. ಎಂದರೆ ತಳದ ದಿಣ್ಣೆ ತಗ್ಗುಗಳನ್ನು ಬಲ್ಲವನು ಮಾತ್ರ ಯಾವ ಊರಿಗೆ ಎಷ್ಟು ಹೊತ್ತಿಗೆ ಎಷ್ಟು ಎತ್ತರದ ನೀರು ಬರುವುದೆಂದು ಮುಂಚಿತವಾಗಿ ಹೇಳಬಲ್ಲನು. 2007ರ ಅಕ್ಟೋಬರಿನಿಂದ ಹೈದರಾಬಾದಿನಲ್ಲಿ ಸುನಾಮಿ ಮುನ್ನೆಚ್ಚರಿಕೆಯ ಕೇಂದ್ರವು ಕೆಲಸ ಮಾಡುತ್ತಿದೆ. ಭಾರತ, ಆಸ್ಟ್ರೇಲಿಯ, ಇಂಡೊನೇಷ್ಯ ಈ ಮೂರು ದೇಶಗಳು ಹಿಂದೂ ಮಹಾಸಾಗರದ ದಂಡೆಯ ಉಳಿದ ದೇಶಗಳಿಗೂ ಎಚ್ಚರಿಕೆ ಕಳುಹಿಸುವ ಹೊಣೆ ಹೊತ್ತಿವೆ.

ಆದರೆ ನಮ್ಮ ಪಡುವಣ ಕರಾವಳಿಗೆ ಇನ್ನೊಂದು ಕಡೆಯಿಂದಲೂ ಭಯವುಂಟು. 1945ರ ನವೆಂಬರ್ 28ರ ನಸುಕಿನಲ್ಲಿ ಈಗಿನ ಪಾಕಿಸ್ತಾನದ ಮಕ್ರಾನ್ ದಂಡೆಯ ಮುಂದೆ ಕಡಲಿನಡಿಯಲ್ಲಿ ಭೂಕಂಪವಾಗಿ, ಪಸ್ನಿ ಎಂಬ ಊರನ್ನು ನಾಶಮಾಡಿದ ಅಲೆ ಮುಂಬಯಿಯನ್ನೂ ತಟ್ಟಿ ಅಲ್ಲಿಯೂ ಜನರನ್ನು ಕೊಂದಿತು. ಅಂತಹ ಅಲೆ ಮತ್ತೆ ಎದ್ದರೆ ಅದು ಹುಟ್ಟುವ ನೆಲ ಪಾಕಿಸ್ತಾನ, ಇರಾನುಗಳ ಮುಂದಿನ ಕಡಲಿನದು. ಅದು ಬಂದು ಬೀಳುವ ದಂಡೆ ಗುಜರಾತು, ಮುಂಬಯಿ, ಕೊಂಕಣದ ಕಡೆಯದು. ಅಲ್ಲಿಯ ತಳದ ಬಿರುಕು ಎಷ್ಟು ಉದ್ದ, ಅದರ ಮೇಲೆ ಎಷ್ಟು ದಪ್ಪದ ಮಡ್ಡಿ ಕುಳಿತಿದೆ, ಎಲ್ಲಿ ಕುಸಿಯುವ ಇಳಿಜಾರಿದೆ ಎಂಬುದು ಅವರಿಗೂ ಬೇಕು, ನಮಗೂ ಬೇಕು. ನೆರೆಮನೆಯವನೊಡನೆ ಮಾತು ಬಿಟ್ಟಿದ್ದರೂ ನಡುಗೋಡೆ ಬಿರಿದಾಗ ಇಬ್ಬರೂ ಕೂಡಿಯೇ ನೋಡಬೇಕಾಗುತ್ತದೆ.

ಮಾಹಿತಿಯನ್ನು ಕೊಡಬಾರದೆಂದು ಹೇಳುವವರ ಪಕ್ಷವನ್ನೂ ಕೇಳೋಣ. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಶತ್ರುವಿನ ಜಲಾಂತರ್ಗಾಮಿ ನೌಕೆಗೆ ತಳದ ನಕ್ಷೆ ಕೈಗೆ ಸಿಕ್ಕರೆ ಅಡಗುವ ತಾವು ಸಿಕ್ಕಂತೆಯೇ. ಎರಡನೆಯದಾಗಿ, ಹಣವುಳ್ಳ ದೇಶದ ಹಡಗು ಬಡದೇಶದ ಕಡಲನ್ನು ಓದಿಕೊಂಡು ಹೋಗಿ, ತಳದ ಸಂಪತ್ತನ್ನು ಆ ಬಡವರಿಗಿಂತ ಮೊದಲು ತಾನು ತಿಳಿದುಕೊಂಡ ಉದಾಹರಣೆಗಳೂ ಇಲ್ಲದಿಲ್ಲ. ಇದನ್ನು ಮನಗಂಡೇ 1982ರ ಸಮುದ್ರಕಾನೂನಿನ ಒಡಂಬಡಿಕೆಯಲ್ಲಿ ಒಂದು ದೇಶದ ಆರ್ಥಿಕ ವಲಯದಲ್ಲಿ ಸಂಶೋಧನೆ ಮಾಡಬೇಕಾದರೆ ಆ ದೇಶದ ಒಪ್ಪಿಗೆ ಬೇಕು, ದೊರೆತ ಮಾಹಿತಿಯನ್ನು ಆ ದೇಶಕ್ಕೂ ಕೊಡಬೇಕು ಎಂದು ವಿಧಿಸಲಾಗಿದೆ. ಯಾವ ದೇಶಕ್ಕೂ ಸೇರದ ಆಳಸಮುದ್ರದ ತಳವನ್ನು ಜಮೈಕದ ಕಿಂಗ್‌ಸ್ಟನ್ನಿನಲ್ಲಿರುವ ಒಂದು ಅಂತರರಾಷ್ಟ್ರೀಯ ಪ್ರಾಧಿಕಾರವು ನೋಡಿಕೊಳ್ಳುತ್ತದೆ. ಅಲ್ಲಿ ಅದಿರು ಹುಡುಕಲು ಗುತ್ತಿಗೆ ಪಡೆದವರೆಲ್ಲರೂ ಅದು ಗೊತ್ತುಮಾಡಿದ ಒಂದೇ ನಮೂನೆಯಲ್ಲಿ ಲೆಕ್ಕ ಒಪ್ಪಿಸಬೇಕು. ನಮ್ಮ ದೇಶವೂ ಮಧ್ಯ ಹಿಂದೂ ಮಹಾಸಾಗರದಲ್ಲಿ 75,000 ಚದರ ಕಿಲೋಮೀಟರಿಗೆ 2002ರಲ್ಲಿ ಗುತ್ತಿಗೆ ಮಾಡಿಕೊಂಡಿತು. 2025ರ ಸೆಪ್ಟೆಂಬರಿನಲ್ಲಿ ಮೇಲೆ ಹೇಳಿದ ಕಾರ್ಲ್ಸ್‌ಬರ್ಗ್ ಶ್ರೇಣಿಯಲ್ಲಿ ಇನ್ನೊಂದು ಗುತ್ತಿಗೆಗೆ ಸಹಿ ಮಾಡಿತು. ಖಂಡದಂಚಿನ ನೆಲ 200 ಮೈಲಿಗಳಾಚೆಗೆ ಯಾವ ದೇಶಕ್ಕೆ ಎಷ್ಟು ಸೇರುತ್ತದೆ ಎಂಬುದಕ್ಕೆ ತಳದಲ್ಲಿ ಕುಳಿತ ಮಡ್ಡಿಯ ದಪ್ಪವೂ ಒಂದು ಆಧಾರವೆಂದು ಆ ಒಡಂಬಡಿಕೆ ಹೇಳುತ್ತದೆ. ಕಬಿನಿ ಕಾವೇರಿಗಳು ಹೊತ್ತ ಮಣ್ಣು ಹೀಗೆ ರಾಷ್ಟ್ರದ ಮೇರೆಯ ಲೆಕ್ಕಕ್ಕೂ ಸೇರುವುದುಂಟು.

ಯುದ್ಧನೌಕೆಗಳ ಗುಟ್ಟು ಗುಟ್ಟಾಗಿಯೇ ಇರಲಿ. ಆದರೆ ಸಾವಿರ ಮೀಟರು ಆಳದ ಕೆಸರಿನ ಬಣ್ಣವೂ ರಾಜ್ಯರಹಸ್ಯವೆಂದು ಬೀರುವಿನಲ್ಲಿ ಬೀಗ ಹಾಕಿಡುವುದು ನಮಗೆ ಅತಿಯೆಂದು ತೋರುತ್ತದೆ. 2014ರಲ್ಲಿ ಮಲೇಷ್ಯದ ಒಂದು ವಿಮಾನವು 239 ಮಂದಿಯೊಡನೆ ಕಾಣೆಯಾದಾಗ ತೆಂಕಣ ಹಿಂದೂ ಮಹಾಸಾಗರದಲ್ಲಿ ಅದನ್ನು ಹುಡುಕಲು ಹೋದವರಿಗೆ ಮೊದಲು ತಿಳಿದದ್ದು, ಹುಡುಕಬೇಕಾದ ತಳದ ನೆಟ್ಟನೆಯ ನಕ್ಷೆಯೇ ಇಲ್ಲವೆಂಬುದು. ಎರಡೂವರೆ ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು ತಳವನ್ನು ಮೊದಲು ಅಳೆದು ಬಳಿಕ ಹುಡುಕಿದರು. ಆ ಹುಡುಕಾಟದಲ್ಲಿ ವಿಮಾನ ಸಿಗಲಿಲ್ಲ. ಆದರೆ ಆಸ್ಟ್ರೇಲಿಯದವರು ಆ ಅಳತೆಯನ್ನೆಲ್ಲ 2017ರಲ್ಲಿ ಯಾರು ಬೇಕಾದರೂ ನೋಡುವಂತೆ ಬಿಡುಗಡೆ ಮಾಡಿದರು.

ನಮ್ಮ ಕೇರಳದ ದಂಡೆಯಲ್ಲಿಯೇ ಈಚೆಗೆ ಎದ್ದ ವಾದವೊಂದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಪೊನ್ನಾನಿ, ಚಾವಕ್ಕಾಡು, ಕೊಚ್ಚಿ, ಆಲಪ್ಪುಳ, ಕೊಲ್ಲಂ ಇವುಗಳ ಮುಂದೆ ಕಡಲಿನಡಿಯಲ್ಲಿ ಕಟ್ಟಡಕ್ಕೆ ಒದಗುವ ಸುಮಾರು 74 ಕೋಟಿ 50 ಲಕ್ಷ ಟನ್ನು ಮರಳಿದೆ ಎಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯವರು ಅಂದಾಜು ಮಾಡಿದ್ದಾರೆ. 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರವು ಕಡಲಿನಡಿಯ ಖನಿಜದ ತಾಣಗಳನ್ನು ಹರಾಜಿಗಿಟ್ಟಾಗ ಕೊಲ್ಲಂ ಮುಂದಿನ ಮರಳೂ ಅದರಲ್ಲಿ ಸೇರಿತು. ಮೀನುಗಾರರು ಪ್ರತಿಭಟಿಸಿದರು. ಮರಳು ತೆಗೆದರೆ ಮೀನಿನ ನೆಲೆ ಹೋಗುವುದೆಂಬುದು ಅವರ ವಾದ. ಈ ವ್ಯಾಜ್ಯದಲ್ಲಿ ತೀರ್ಪು ಹೇಳುವ ಅಧಿಕಾರ ನಮಗಿಲ್ಲ. ಇಷ್ಟನ್ನು ಮಾತ್ರ ಹೇಳಬಲ್ಲೆವು: ಮರಳನ್ನು ಅಳೆದವರ ನಕ್ಷೆ, ಮೀನನ್ನು ಅಳೆದವರ ನಕ್ಷೆ, ಪ್ರವಾಹವನ್ನು ಅಳೆದವರ ನಕ್ಷೆ ಇವು ಮೂರೂ ಒಂದೇ ಪ್ರಮಾಣದಲ್ಲಿ, ಒಂದೇ ಮಾತಿನಲ್ಲಿ, ದೋಣಿಯವನ ಕಣ್ಣಿಗೂ ಬೀಳುವಂತೆ ಮೇಜಿನ ಮೇಲಿರಬೇಕು. ಇಲ್ಲದಿದ್ದರೆ ಚರ್ಚೆ ನಡೆಯದು, ಕೂಗಾಟ ನಡೆಯುತ್ತದೆ.

ಕಡಲಿನ ತಳವನ್ನು ಸರ್ವೇಕ್ಷಣ ಮಾಡುವ ಆ ಇಲಾಖೆಯ ವಿಭಾಗದ ಮುಖ್ಯ ಕಚೇರಿ ನಮ್ಮ ಮಂಗಳೂರಿನಲ್ಲಿಯೇ ಇದೆ. ಸಮುದ್ರ ರತ್ನಾಕರ, ಸಮುದ್ರ ಕೌಸ್ತುಭ, ಸಮುದ್ರ ಶೌಧಿಕಾಮ ಎಂಬ ಹಡಗುಗಳು ಅದರವು. ಕನ್ನಡದ ನೆಲದಿಂದ ನಡೆಯುವ ಈ ಕೆಲಸವನ್ನು ಕನ್ನಡದಲ್ಲಿ ಹೇಳುವ ಪುಸ್ತಕಗಳು ಮಾತ್ರ ವಿರಳ. ಬೆಳ್ಳಾವೆ ವೆಂಕಟನಾರಣಪ್ಪನವರು ಹಾಕಿದ ಹಾದಿ, ಶಿವರಾಮ ಕಾರಂತರು ಒಬ್ಬರೇ ಕುಳಿತು ವಿಜ್ಞಾನ ಪ್ರಪಂಚದ ಸಂಪುಟಗಳನ್ನು ಬರೆದ ಸಾಹಸ, 1958ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘವನ್ನು ಕಟ್ಟಿದವರಲ್ಲಿ ಮುಖ್ಯರಾಗಿ, ಕನ್ನಡದಲ್ಲಿಯೂ ಬರೆದ ಬಿ. ಪಿ. ರಾಧಾಕೃಷ್ಣರ ದುಡಿಮೆ ಇವೆಲ್ಲ ಇದ್ದೂ ನಮ್ಮ ಮಕ್ಕಳು ಸಾಗರತಳದ ಪಾಠಕ್ಕೆ ಬಂದೊಡನೆ ಆಂಗ್ಲ ಶಬ್ದಗಳ ಮೊರೆ ಹೋಗುತ್ತಾರೆ. ಅದು ಅವರ ದೋಷವಲ್ಲ. ನಾವು ಗರಸು, ಮರಳು, ಹೂಳು, ಜೇಡಿ, ಮಡ್ಡಿ ಎಂದು ಈಗ ಬಳಸಿದ ಮಾತುಗಳಿಗೂ ಕನ್ನಡನಾಡಿನಲ್ಲೆಲ್ಲ ಒಂದೇ ಅರ್ಥವಿಲ್ಲ. ಹೊಲದವನ ಹೂಳು ಬೇರೆ, ಕೆರೆಯವನ ಹೂಳು ಬೇರೆ, ಅಳಿವೆಯವನದು ಮತ್ತೂ ಬೇರೆ.

ಆದುದರಿಂದ ಸಂಘದವರಲ್ಲಿ ನಮ್ಮ ಪ್ರಾರ್ಥನೆ ಒಂದಿದೆ. ಈ ಜಿಲ್ಲೆಯ ಕನ್ನಡ ಮನೆಗಳಲ್ಲಿ ಮಣ್ಣು, ಹೊಳೆ, ಕೆಸರು, ಕುಸಿತಗಳನ್ನು ಕುರಿತು ಆಡುವ ಮಾತುಗಳು ಅನೇಕವಿವೆ. ಕಾಸರಗೋಡು ಕುಂದಾಪುರಗಳ ಕಡೆಯಿಂದ ಇಲ್ಲಿಗೆ ಬಂದು ನೆಲೆಸಿದವರಿದ್ದರೆ ಅವರಲ್ಲಿ ಕಡಲಿನ ಮಾತುಗಳೂ ಇದ್ದಾವು. ನಮ್ಮ ಬೆಟ್ಟಕುರುಬ ಬಾಂಧವರ ನುಡಿಯಲ್ಲಿ ಇನ್ನೂ ಹಳೆಯವು ಉಳಿದಿರಬಹುದು. ಪ್ರತಿಯೊಂದು ಮಾತಿಗೂ ಅದನ್ನು ಹೇಳಿದವರ ಊರು, ವಯಸ್ಸು, ಯಾವ ಬಗೆಯ ಮಣ್ಣನ್ನು ತೋರಿಸಿ ಹೇಳಿದರು ಎಂಬ ವಿವರ ಇವನ್ನು ಒಂದೇ ನಮೂನೆಯ ಹಾಳೆಯಲ್ಲಿ ಬರೆದಿಡಬೇಕು. ಸಾಧ್ಯವಾದರೆ ಒಂದು ಚಿಟಿಕೆ ಮಣ್ಣನ್ನೂ ಸೀಸೆಯಲ್ಲಿ ಹಾಕಿಡಬೇಕು. ಹಾಳೆಯ ನಮೂನೆಯನ್ನು ನಮ್ಮ ಹತ್ತನೆಯ ತರಗತಿಯ ವಿದ್ಯಾರ್ಥಿಗಳು ಬರೆದು ಸಿದ್ಧಪಡಿಸಿದ್ದಾರೆ. ಸಭೆ ಮುಗಿದ ಮೇಲೆ ಬಾಗಿಲ ಬಳಿಯ ಮೇಜಿನಲ್ಲಿ ಅದು ದೊರೆಯುತ್ತದೆ. ತಲಾ ಎರಡು ಹಾಳೆ ತೆಗೆದುಕೊಂಡು ಹೋಗಿ, ತುಂಬಿಸಿ, ಯುಗಾದಿಯೊಳಗೆ ಕಾರ್ಯದರ್ಶಿಗಳಿಗೆ ತಲಪಿಸಬೇಕೆಂದು ಕೋರುತ್ತೇವೆ.